“ನಾನೂ ಚಿಕ್ಕೋನಿದ್ದಾಗ ಹಿಂಗೇ ಇದ್ದೆ”

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯ ಹುಡುಗ. ಎಂಟು ವರ್ಷ, ಮೂರನೇ ಕ್ಲಾಸು. ಅಪ್ಪ ಅಮ್ಮ ನನಗೆ ತೋರಿಸಲು ಕರೆತಂದಿದ್ದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

“ಹುಳು ಮನೆ ಬಾಗಿಲು ಹಾಕು ಅಂತ ದಿನಾ ಬಡ್ಕೋತೀವಿ. ತೆಗೆದಿಟ್ಟೇ ಓಡ್ತಾನೆ. ಊಜಿ ನೊಣ ನುಗ್ಗಿದ್ರೆ ಬೆಳೆ ಹೋಯ್ತು. ಹೊಡೆದಿದ್ದೂ ಆಯ್ತು, ತಾಯತ ಕಟ್ಟಿಸಿದ್ದೂ ಆಯ್ತು” ಎಂದರು ಅಪ್ಪ. ಆಮೇಲೆ, “ನಾನೂ ಚಿಕ್ಕೋನಿದ್ದಾಗ ಹಿಂಗೇ ಇದ್ದೆ. ದೊಡ್ಡೋನಾದ್ರೆ ಸರಿಹೋಗ್ತಾನೆ ಬಿಡಿ” ಎಂದೂ ಸೇರಿಸಿದರು.

ಎಷ್ಟೋ ಅಪ್ಪಂದಿರು ಹೀಗೇ ಹೇಳುತ್ತಾರೆ. ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಅದು ವಂಶದಲ್ಲಿ ಬರುವುದು ಜಾಸ್ತಿ. ಹಾಗಾಗಿ ಈ ಮಾತು ಸಮಾಧಾನಕ್ಕಿಂತ ಹೆಚ್ಚಾಗಿ ಒಂದು ಸುಳಿವು. ನಿಮ್ಮ ಓದು ಹೇಗಿತ್ತು ಎಂದು ಕೇಳಿದೆ. ಏಟು ತಿಂದು ಸಾಕಾಗಿ ಏಳನೇ ಕ್ಲಾಸಿಗೇ ಬಿಟ್ಟರಂತೆ.

ಹುಡುಗನ ಗಣಿತದ ಪುಸ್ತಕ ತೆರೆದೆ. ಮೊದಲ ಎರಡು ಲೆಕ್ಕ ಸರಿ. ಮೂರನೆಯದರಲ್ಲಿ ಕೂಡುವ ಬದಲು ಕಳೆದಿದ್ದಾನೆ. ನಾಲ್ಕನೆಯದು ಅರ್ಧಕ್ಕೇ ನಿಂತಿದೆ. ಪಕ್ಕದಲ್ಲಿ ಟ್ರ್ಯಾಕ್ಟರ್ ಚಿತ್ರ, ಟೈರಿನ ಗೆರೆಗಳನ್ನೂ ಬಿಟ್ಟಿಲ್ಲ. ಇವನು ದಡ್ಡ ಅಲ್ಲವೇ ಅಲ್ಲ.

“ಮೊಬೈಲ್ ಕೊಟ್ರೆ ಗಂಟೆಗಟ್ಟಲೆ ಕೂರ್ತಾನಲ್ಲ ಮೇಡಂ?” ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ಕ್ಷಣಕ್ಕೊಂದು ಹೊಸದು ಬರುವ ಕಡೆ ಈ ಮಕ್ಕಳ ಗಮನ ತಾನಾಗಿ ನಿಲ್ಲುತ್ತದೆ. ನಿಧಾನದ, ಬೇಸರದ ಕೆಲಸದಲ್ಲಿ ಅದನ್ನು ಹಿಡಿದಿಡುವುದೇ ಕಷ್ಟ. ಅದು ಹಟ ಅಲ್ಲ.

ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದರಲ್ಲೂ ಎಡಿಎಚ್‌ಡಿ ಗೊತ್ತಾಗುವುದಿಲ್ಲ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿ, ಕನಿಷ್ಠ 6 ತಿಂಗಳು ಇದ್ದು, ಮನೆ, ಶಾಲೆ ಎರಡೂ ಕಡೆ ತೊಂದರೆ ಕೊಡುತ್ತಿರಬೇಕು. ಅದಕ್ಕೇ ಟೀಚರಿಂದ ಪ್ರಶ್ನಾವಳಿ ತುಂಬಿಸಿ ತರಿಸಿದೆ. ಕಣ್ಣು, ಕಿವಿ ತೋರಿಸಿದರು, ತೊಂದರೆ ಇರಲಿಲ್ಲ. ನಿದ್ದೆಯೂ ಚೆನ್ನಾಗಿತ್ತು. ಮನೋವೈದ್ಯರು ನೋಡಿ ಎಡಿಎಚ್‌ಡಿ ಎಂದು ಖಚಿತಪಡಿಸಿದರು, ಮೀಥೈಲ್‌ಫೆನಿಡೇಟ್ ಎಂಬ, ಗಮನ ನಿಲ್ಲಲು ನೆರವಾಗುವ ಮಾತ್ರೆ ಶುರು ಮಾಡಿದರು. ಆರು ವರ್ಷದೊಳಗಿನ ಮಗುವಾಗಿದ್ದರೆ ಮೊದಲು ಅಪ್ಪ ಅಮ್ಮನಿಗೇ ತರಬೇತಿ, ಮಾತ್ರೆ ಆಮೇಲಿನ ಮಾತು.

ಚಟ ಹತ್ತುತ್ತದೆ, ಮಂಕಾಗುತ್ತಾನೆ ಎಂದು ಅಮ್ಮ ಹೆದರಿದ್ದರು. ಇದು ನಿದ್ದೆ ಮಾತ್ರೆ ಅಲ್ಲ. ವೈದ್ಯರ ನಿಗಾದಲ್ಲಿ, ಅವರು ಹೇಳಿದಷ್ಟೇ ಕೊಟ್ಟರೆ ಚಟದ ಭಯ ಬೇಡ. ಹಸಿವು ಕಡಿಮೆಯಾಗಬಹುದು. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿ, ತೂಕ, ಎತ್ತರ ಆಗಾಗ ನೋಡಿಸಿ ಎಂದೆ. ನಿಜವಾಗಿಯೂ ಮಂಕಾದರೆ ಸುಮ್ನೆ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ, ಡೋಸ್ ಬದಲಿಸುತ್ತಾರೆ.

ಮಾತ್ರೆಯೊಂದೇ ಸಾಲದು. “ಸೊಪ್ಪು ಹಾಕಿ, ಬಾಗಿಲು ಹಾಕಿ, ಕೈ ತೊಳೆದು ಬಾ” ಎಂದರೆ ಅವನಿಗೆ ಮೊದಲನೆಯದಷ್ಟೇ ಉಳಿಯುತ್ತದೆ. ಹತ್ತಿರ ಹೋಗಿ, ಮುಖ ನೋಡಿ, ಒಂದೇ ಕೆಲಸ ಹೇಳಿ. ಮಾಡಿದ ತಕ್ಷಣ ಶಹಬ್ಬಾಸ್ ಅನ್ನಿ, ಸಂಜೆಗೆ ಉಳಿಸಬೇಡಿ. ಹೊಡೆಯುವುದನ್ನು ಪೂರ್ತಿ ಬಿಡಿ. ಶಾಲೆಯಲ್ಲಿ ಮೊದಲ ಬೆಂಚು ಕೇಳಿಕೊಳ್ಳಿ, ನಡುನಡುವೆ ಪುಸ್ತಕ ಹಂಚುವಂಥ ಓಡಾಟದ ಕೆಲಸ ಕೊಡಲಿ.

ಈಗ ಲೆಕ್ಕ ಮುಗಿಸುತ್ತಾನೆ. ಆದರೆ ಓದುವಾಗ ಒತ್ತಕ್ಷರ ಇನ್ನೂ ತಪ್ಪುತ್ತವೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಕಲಿಕೆಯ ತೊಂದರೆಯೂ ಜೊತೆಗಿರುವುದುಂಟು. ಅದರ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟಿದ್ದೇನೆ. ಈ ಬೆಳೆ ಗೂಡು ಬಿಡಿಸಿದ ಮೇಲೆ ಅಪ್ಪನೇ ಕರೆದುಕೊಂಡು ಹೋಗುತ್ತಾರಂತೆ.