ಗುರುತು ಮುಚ್ಚಿಟ್ಟವರ ಕಥೆ ಸಿನಿಮಾ ಆದರೆ ನಂಬ್ತೀವಾ?

ಕಪ್ಪು ಜನಾಂಗದ ಹೆಣ್ಣುಮಗಳು ಬಿಳಿಯಳಾಗಿ ಬದುಕುವ ಕಥೆಯನ್ನು ಓದುವಾಗ ನಂಬುತ್ತೇವೆ, ಸಿನಿಮಾದಲ್ಲಿ ಮುಖ ಕಣ್ಣೆದುರೇ ಇರುತ್ತಲ್ಲ, ಅಲ್ಲಿ ನಂಬಿಸೋದು ಹೇಗೆ ಅಂತ ಕೇಳಿದ್ದೀರಿ.

ಕಷ್ಟವೇ. ಫಿಲಿಪ್ ರಾತ್ ಅವರ 'ದಿ ಹ್ಯೂಮನ್ ಸ್ಟೇನ್' 2003ರಲ್ಲಿ ಸಿನಿಮಾ ಆಯಿತು. ಕಪ್ಪು ಜನಾಂಗದಲ್ಲಿ ಹುಟ್ಟಿ ಬಿಳಿಯನೆಂದೇ ಬದುಕಿದ ವಯಸ್ಸಾದ ಪ್ರೊಫೆಸರ್ ಆಗಿ ಆಂಥನಿ ಹಾಪ್ಕಿನ್ಸ್. ಯೌವನದ ಭಾಗಕ್ಕೆ ಬೇರೆ ನಟ. ಆ ಹುಡುಗನೇ ಈ ಮುದುಕನಾದ ಅಂತ ನನ್ನ ಕಣ್ಣು ಒಪ್ಪಲೇ ಇಲ್ಲ.

ನೆಲ್ಲಾ ಲಾರ್ಸನ್ 1929ರಲ್ಲಿ ಬರೆದ 'ಪಾಸಿಂಗ್' ಕಾದಂಬರಿಯನ್ನು ರೆಬೆಕಾ ಹಾಲ್ 2021ರಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆದರು. ಹಳೇ ಕಾಲ ತೋರಿಸೋಕೆ ಅಂದುಕೊಂಡಿದ್ದೆ. ಅದಷ್ಟೇ ಅಲ್ಲ. ಬಣ್ಣ ಹೋದರೆ ಎಲ್ಲರ ಮೈಯೂ ಬೂದು. ಬಿಳಿಯಳಾಗಿ ಬದುಕುವ ಕ್ಲೇರ್ ಯಾವ ಬಣ್ಣ ಅಂತ ಅವಳ ಕೆನ್ನೆ, ಕೂದಲನ್ನೇ ನೋಡುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನನಗೇ ನಾಚಿಕೆಯಾಯಿತು. ಕ್ಲೇರ್‌ಳ ಹಳೇ ಗೆಳತಿ, ಕಪ್ಪು ಜನಾಂಗದ ಐರೀನ್, ಬಿಳಿಯರ ನಡುವೆ ಟೋಪಿಯ ಅಂಚನ್ನು ಮುಖದ ಮೇಲೆ ಎಳೆದುಕೊಂಡೇ ಬರುತ್ತಾಳೆ. ಅವಳ ಭಯಕ್ಕೆ ಅಷ್ಟು ಸಾಕು, ಮಾತು ಬೇಕಿಲ್ಲ. ಹಾಲ್ ಅವರ ತಾಯಿಯ ತಂದೆಯೂ ಬಿಳಿಯರೆಂದೇ ಬದುಕಿದವರಂತೆ.

ನಾನು ಕಲಬುರಗಿಯವನು. ಜಾತಿ ಮುಚ್ಚಿಟ್ಟವರ ಕಥೆಯನ್ನು ಇಲ್ಲಿ ತೆಗೆದರೆ ಈ ಉಪಾಯ ನಡೆಯಲ್ಲ. ನಮ್ಮಲ್ಲಿ ಮುಖ ನೋಡಿ ತಿಳಿಯಲ್ಲ, ಕೇಳಿಯೇ ತಿಳಿದುಕೊಳ್ಳೋದು. ಗೆಳೆಯನ ಜೊತೆ ಬಾಡಿಗೆ ಮನೆ ನೋಡೋಕೆ ಹೋಗಿದ್ದೆ. ಮನೆಯೊಡತಿ ಅಜ್ಜಿ ಮೊದಲು ಚಹಾ ಕೊಟ್ಟರು.

"ಅಡ್ಡಹೆಸರು ಏನಪ್ಪಾ?"

ಗೆಳೆಯ ಊರ ಹೆಸರಿಗೆ 'ಕರ್' ಸೇರಿಸಿ ಹೇಳಿದ.

"ಮನಿದೇವ್ರು?"

"ಶರಣಬಸಪ್ಪ ರೀ." ಪೂರ್ತಿ ಸುಳ್ಳೂ ಅಲ್ಲ. ಶರಣಬಸಪ್ಪನ ಜಾತ್ರೆಗೆ ಹೋಗದವರು ಈ ಊರಲ್ಲಿ ಯಾರಿದ್ದಾರೆ?

"ಮನ್ಯಾಗ ಏನೇನ್ ಅಡಗಿ ಮಾಡ್ತೀರಿ?"

ಅಜ್ಜಿ ನಗುತ್ತಲೇ ಕೇಳಿದ್ದರು. ಇವನ ಕೈಯಲ್ಲಿದ್ದ ಬಸಿ ಟಕಟಕ ಅಂತ ಸದ್ದು ಮಾಡತೊಡಗಿತು. "ರೊಟ್ಟಿ, ಪುಂಡಿಪಲ್ಯ ರೀ" ಅಂದ.

ನನ್ನ ಕೈಗೆ ಕ್ಯಾಮೆರಾ ಕೊಟ್ಟರೆ ಇಬ್ಬರ ಮುಖವನ್ನೂ ತೋರಿಸಲ್ಲ. ಬಸಿಯ ಸದ್ದು, ಅಜ್ಜಿಯ ದನಿ, ಅಷ್ಟೇ.

ಮನೆ ಸಿಕ್ಕಿತು. ಎರಡು ವರ್ಷ ಇದ್ದ. ಅಷ್ಟು ದಿನದಲ್ಲಿ ಅವನ ಅವ್ವ ಒಮ್ಮೆಯೂ ಆ ಮನೆಗೆ ಬರಲಿಲ್ಲ. ಅಡಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬರೋರು, ಇವನು ಅಲ್ಲಿಗೇ ಹೋಗಿ ಡಬ್ಬಿ ಇಸ್ಕೊಂಡು ಬರ್ತಿದ್ದ. ಬಾರದೇ ಇದ್ದ ಅವ್ವನನ್ನು ಆ ಮನೆಯ ದೃಶ್ಯದಲ್ಲಿ ಹೇಗೆ ತೋರಿಸೋದು? ನನಗಂತೂ ಇನ್ನೂ ಹೊಳೆದಿಲ್ಲ.