ಮಾರಿದವರು ಮೋಸ ಮಾಡಿಲ್ಲ

ಓದುಗರೊಬ್ಬರ ಪತ್ರ: "ಮೂರು ವರ್ಷಗಳ ಹಿಂದೆ ಫಲೆನಾಪ್ಸಿಸ್ ಆರ್ಕಿಡ್‌ನ ಬೆರಳುದ್ದದ ಸಸಿ ತಂದಿದ್ದೆ. ಆಗ ಎಲೆಗಳು ಕಿರಿದಾಗಿ, ಚೂಪಾಗಿದ್ದವು. ಈಗಿನವು ಅಂಗೈಯಷ್ಟು ಅಗಲ, ತುದಿ ದುಂಡು. ಈಚೆಗೆ ಬಂದ ಒಂದು ಎಲೆ ಮಾತ್ರ ಮತ್ತೆ ಕಿರಿದಾಗಿ, ಉದ್ದವಾಗಿ ಜೋತುಬಿದ್ದಿದೆ. ಹೂದಂಟಿನ ಮೇಲೆ ಹುಟ್ಟಿರುವ ಮರಿಯ ಎಲೆಗಳೋ ಮೊದಲಿನ ಸಸಿಯವುಗಳಂತೆಯೇ ಇವೆ. ನನಗೆ ಬೆರಕೆ ಗಿಡ ಕೊಟ್ಟರೇ?"

ಪ್ರಿಯ ಓದುಗರೇ,

ಮಾರಿದವರ ಮೇಲಿನ ಸಂಶಯವನ್ನು ಬಿಟ್ಟುಬಿಡಿ. ಬೆಳೆದು ಮುಗಿದ ಎಲೆ ಆಕಾರ ಬದಲಿಸುವುದಿಲ್ಲ. ನಿಮ್ಮ ಗಿಡದ ಬುಡದಲ್ಲಿ ಆ ಚೂಪು ಎಲೆಗಳಲ್ಲಿ ಒಂದಾದರೂ ಉಳಿದಿದ್ದರೆ ನೋಡಿ, ಅಂದಿನಂತೆಯೇ ಇರುತ್ತದೆ. ಉಳಿದವು ಹಳದಿಯಾಗಿ ಕಳಚಿಕೊಂಡಿರುತ್ತವೆ. ಎಳೆಯ ಎಲೆಯ ಮಾತು ಬೇರೆ: ಆರ್ಕಿಡ್ ಎಲೆ ಬುಡದಿಂದ ಬೆಳೆಯುತ್ತದೆ, ಮೊದಲು ಹೊರಬರುವುದು ತುದಿ. ಹಾಗಾಗಿ ಹೊಸ ಎಲೆ ಕೆಲವು ವಾರ ಈಟಿಯಂತೆ ಕಂಡು ಆಮೇಲೆ ಅಗಲವಾಗುತ್ತದೆ.

ಮೊದಲ ಎಲೆಗಳು ಅಷ್ಟು ಬಡಕಲಾಗಿರುವುದೇಕೆ? ಆರ್ಕಿಡ್‌ನ ಬೀಜ ಧೂಳಿನಂಥದು. ಒಂದೇ ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿರಬಹುದು, ಆದರೆ ಅವರೆ ಬೀಜದ ಬೇಳೆಯಲ್ಲಿರುವಂತೆ ಮೊಳಕೆಗೆ ಬೇಕಾದ ಬುತ್ತಿ ಯಾವುದರಲ್ಲೂ ಇಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರ ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯಿಂದ ಮಾಡಿದ ಲೋಳೆ) ಮೇಲೆ, ಶಿಲೀಂಧ್ರವಿಲ್ಲದೆಯೇ ಮೊಳೆಸಬಹುದೆಂದು ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟರು. ಗಾಜಿನ ಸೀಸೆಗಳಲ್ಲಿ ಸಸಿ ಬೆಳೆಸುವ ಪದ್ಧತಿಯ ಬೇರು ಅಲ್ಲಿದೆ. ಹೇಗೆ ಮೊಳೆತರೂ ಮೊದಲು ಕಾಣುವುದು ಎಲೆಯಲ್ಲ, ಬೇರೂ ಅಲ್ಲ, ಹಸಿರು ಮಣಿಯಂಥ ಒಂದು ಗಂಟು. ಅದರಿಂದ ಹೊರಟ ಕಾಂಡ ನೂಲಿನಷ್ಟು ತೆಳು.

ನನಗೆ ತುಂಬ ಹಿಡಿಸಿದ ವಿಷಯ ಇಲ್ಲಿದೆ. ಆರ್ಕಿಡ್ ಏಕದಳ ಸಸ್ಯ. ಮರದ ಹಾಗೆ ಹಳೆಯ ಕಾಂಡವನ್ನು ವರ್ಷವರ್ಷ ದಪ್ಪ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಉಳಿದಿರುವ ದಾರಿ ಒಂದೇ: ಪ್ರತಿ ಹೊಸ ಗೆಣ್ಣನ್ನು ಹಿಂದಿನದಕ್ಕಿಂತ ತುಸು ದಪ್ಪವಾಗಿ ಕಟ್ಟುವುದು. ಎಲೆಯ ಬುಡ ಕಾಂಡವನ್ನು ತಬ್ಬಿಕೊಂಡಿರುವುದರಿಂದ ಗೆಣ್ಣು ದಪ್ಪವಾದಂತೆ ಎಲೆಯೂ ಅಗಲವಾಗುತ್ತದೆ. ಆ ಎಲೆ ದುಡಿದು ಮಾಡಿದ ಸಕ್ಕರೆ ಮುಂದಿನ ಗೆಣ್ಣಿಗೆ ಬಂಡವಾಳ.

ಇದರ ಜೊತೆಗೆ ವಯಸ್ಸಿನ ಲೆಕ್ಕವೂ ಇದೆ. ಎಳೆಯ ಗಿಡಗಳಲ್ಲಿ ಮೈಕ್ರೋ ಆರ್‌ಎನ್‌ಎ 156 ಎಂಬ ಅಣು ಹೇರಳವಾಗಿದ್ದು, ಪ್ರೌಢ ಎಲೆಗಳನ್ನು ರೂಪಿಸುವ ಜೀನ್‌ಗಳ ಬಾಯಿ ಕಟ್ಟಿರುತ್ತದೆ. ಗಿಡ ಬೆಳೆದಂತೆ ಅದು ಇಳಿಯುತ್ತದೆ. ಇಳಿಸುವುದರಲ್ಲಿ ಎಲೆಗಳ ಸಕ್ಕರೆಯ ಕೈವಾಡವೂ ಇದೆ. ಇದನ್ನು ಹೆಚ್ಚಾಗಿ ಪರೀಕ್ಷಿಸಿರುವುದು ಅರಬಿಡಾಪ್ಸಿಸ್ ಎಂಬ ಸಾಸಿವೆಯ ಪುಟ್ಟ ಬಂಧುವಿನಲ್ಲಿ. ಹಲಸಿನ ಎಳೆಯ ಗಿಡದ ಸೀಳಿದ ಎಲೆಯನ್ನೂ ದೊಡ್ಡ ಮರದ ಇಡಿಯಾದ ಎಲೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಎರಡು ಜಾತಿಯವೆಂದೇ ಯಾರಾದರೂ ಹೇಳಿಯಾರು. ಅದರ ಮುಂದೆ ನಿಮ್ಮ ಆರ್ಕಿಡ್‌ನ ಬದಲಾವಣೆ ಸೌಮ್ಯವೇ.

ಇನ್ನು ಆ ಜೋತುಬಿದ್ದ ಎಲೆ. ಇದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಅದು ಕಡು ಹಸಿರಾಗಿ, ತೆಳ್ಳಗಿದ್ದರೆ ಬೆಳಕು ಸಾಲದು ಎಂದರ್ಥ. ಗಿಡವನ್ನು ಇತ್ತೀಚೆಗೆ ಕಿಟಕಿಯಿಂದ ದೂರ ಸರಿಸಿದಿರಾ ನೆನಪಿಸಿಕೊಳ್ಳಿ. ಬಿರುಬಿಸಿಲು ತಾಗದ, ಆದರೆ ಚೆನ್ನಾಗಿ ಬೆಳಕಿರುವ ಕಡೆ ಇಟ್ಟರೆ ಮುಂದಿನ ಎಲೆ ಗಿಡ್ಡವಾಗಿ, ಗಟ್ಟಿಯಾಗಿ ಬಂದೀತು. ಈ ಎಲೆ ಮಾತ್ರ ಹೀಗೆಯೇ ಉಳಿಯುತ್ತದೆ. (ನೀರು ಸಾಲದೆ ಬೀಸಣಿಗೆಯಂತೆ ಮಡಿಕೆ ಬಿದ್ದ ಎಲೆಯನ್ನು ನೇರ ಮಾಡುತ್ತೇನೆಂದು ನಾನೊಮ್ಮೆ ದಿನವೂ ನೀರು ಸುರಿದು ಬೇರು ಕೊಳೆಸಿದ್ದೇನೆ. ಮಡಿಕೆ ಹಾಗೆಯೇ ಇತ್ತು.)

ಹೂದಂಟಿನ ಮರಿ ತಾಯಿಯ ದೇಹದ್ದೇ ತುಂಡು, ಜೀನ್‌ಗಳೆಲ್ಲ ಅವೇ. ಆದರೆ ಅದರ ಕಾಂಡ ಈಗಷ್ಟೇ ತೆಳುವಾಗಿ ಹೊರಟಿದೆ, ಆದ್ದರಿಂದ ಎಲೆಯೂ ಪುಟ್ಟದು. ತಾಯಿಯ ಸಕ್ಕರೆ ಪುಕ್ಕಟೆ ಸಿಗುವುದರಿಂದ ಸೀಸೆಯ ಸಸಿಗಿಂತ ಇದು ಬೇಗ ದೊಡ್ಡದಾಗುತ್ತದೆ. ಬೇರ್ಪಡಿಸಲು ಅವಸರ ಬೇಡ: ಎರಡು ಮೂರು ಎಲೆ ಬಂದು, ಬೇರುಗಳು ಸುಮಾರು ಐದು ಸೆಂಟಿಮೀಟರ್ ಆದ ಮೇಲೆ ದಂಟಿನ ಒಂದಿಷ್ಟು ತುಂಡಿನ ಸಮೇತ ಕತ್ತರಿಸಿ ನೆಡಿ.

— ಸಂಪಾದಕ