ಸ್ಥಳಾಂತರಗೊಂಡವರಿಗೆ ಎಲ್ಲಿ ಮನೆ ಕೊಡ್ಬೇಕು ಅಂತ ತಿಳಿಯೋಕೆ ಸರ್ವೆ ಹೇಗೆ ಮಾಡೋದು?

ಶಿಬಿರದಲ್ಲಿರೋ ಸಂತ್ರಸ್ತ ಕುಟುಂಬಗಳ ಸರ್ವೆ ಮಾಡಿ, ಯಾರಿಗೆ ಎಲ್ಲಿ ಕಾಯಂ ಮನೆ ಅಂತ ಎರಡು ವಾರದಲ್ಲಿ ವರದಿ ಕೊಡ್ಬೇಕು, ಯಾವ ಆಪ್ ಬಳಸಲಿ, ಎಷ್ಟು ಮನೆ ಸ್ಯಾಂಪಲ್ ಸಾಕು ಅಂತ ಕೇಳಿದೀರಿ. ಆಪ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಕೋಬೋ ಟೂಲ್‌ಬಾಕ್ಸ್ ಹಾಕ್ಕೊಳ್ಳಿ, ನೆಟ್‌ವರ್ಕ್ ಇಲ್ಲದ ಕಡೆನೂ ಫಾರ್ಮ್ ತುಂಬಬಹುದು. ಉಳಿದಿದ್ದಕ್ಕೆ ನನ್ನ ಕಥೆನೇ ಹೇಳ್ಬೇಕು, ಯಾಕಂದ್ರೆ ನಾನೂ ಒಂದು ಕಾಲದಲ್ಲಿ ಇದೇ ಎರಡು ಪ್ರಶ್ನೆ ಹಿಡ್ಕೊಂಡು ಓಡಾಡಿದವನು.

ಪ್ರವಾಹದಲ್ಲಿ ಊರು ಕೊಚ್ಚಿಹೋಗಿ ಜನ ತಗಡಿನ ಶೆಡ್‌ಗಳಲ್ಲಿದ್ರು. ಸರ್ವೆ ತಂಡ ನೋಡ್ಕೊಳ್ತಿದ್ದವನು ನಾನು, ಫಾರ್ಮ್ ಬರೆದಿದ್ದೂ ನಾನೇ. ಮನೇಲಿ ಎಷ್ಟು ಜನ, ಕಸುಬೇನು, ಸಾಲ ಇದೆಯಾ, ಮಕ್ಕಳು ಎಲ್ಲಿ ಓದ್ತಾರೆ, ಜಾಗದ ಕಾಗದಪತ್ರ ಇದೆಯಾ, ಇದೆಲ್ಲ ಆದ್ಮೇಲೆ ಕೊನೆಗೊಂದು ಪ್ರಶ್ನೆ: ಹಳೇ ಊರಿಗೆ ವಾಪಸ್ ಹೋಗೋಕೆ ಇಷ್ಟ ಇದೆಯಾ, ಹೌದು ಅಥವಾ ಇಲ್ಲ. ಹೆಚ್ಚುಕಮ್ಮಿ ಎಲ್ಲರೂ ಹೌದು ಅಂದ್ರು. ವರದಿ ಮೇಲೆ ಹೋಯ್ತು, ಹಳೇ ಜಾಗದಲ್ಲೇ ಕಟ್ಟೋದು ಅಂತ ತೀರ್ಮಾನ ಆಯ್ತು, ಕಟ್ಟಿದ್ರು, ಇಲ್ಲಿ ಶೆಡ್ ಕಿತ್ತುಹಾಕಿದ್ರು. ಆಮೇಲೊಂದು ಸಲ ಹೋಗಿ ನೋಡಿದ್ರೆ ಸಾಲಾಗಿ ಹೊಸ ಮನೆಗಳಿಗೆ ಬೀಗ. ಜನ ಪೇಟೆ ಅಂಚಲ್ಲಿ ಬಾಡಿಗೆ ಕೋಣೆ ಹಿಡಿದಿದ್ರು, ಅಡ್ವಾನ್ಸ್ ಕೊಡೋಕೆ ಸಾಲ ಮಾಡಿದವರೂ ಇದ್ರು.

ಆ ಒಂದು ಪ್ರಶ್ನೆ ಹೇಗೆ ಕೈಕೊಡ್ತು ಅಂತ ಬಿಡಿಸಿ ಹೇಳ್ತೀನಿ, ಉದ್ದ ಆದ್ರೂ ಓದಿ. ಹುಟ್ಟಿದ ಊರು ಬೇಡ ಅಂತ ಯಾರಾದ್ರೂ ಹೇಳ್ತಾರಾ, ಎಷ್ಟೋ ಜನ ಆ ಮೋಹಕ್ಕೇ ಹೌದು ಅಂದಿದ್ರು. ಜಮೀನಿದ್ದವರಿಗೆ, ಬರಲ್ಲ ಅಂದ್ರೆ ಹಕ್ಕು ಬಿಟ್ಟುಕೊಟ್ಟ ಹಾಗಾಗುತ್ತೆ ಅನ್ನೋ ಭಯ. ಇನ್ನು ಪ್ರಶ್ನೆ ಕೇಳೋಕೆ ಹೋದ ನಮ್ಮ ಹುಡುಗರ ಕೊರಳಲ್ಲಿದ್ದ ಐಡಿ ಕಾರ್ಡು ರೇಷನ್ ಹಂಚೋ ಸಂಸ್ಥೆದೇ ಆಗಿತ್ತು, ಯಾವ ಉತ್ತರ ಕೊಟ್ರೆ ಪಟ್ಟಿಯಲ್ಲಿ ಹೆಸರು ಉಳಿಯುತ್ತೆ ಅಂತ ಜನ ಲೆಕ್ಕ ಹಾಕೇ ಹಾಕ್ತಾರೆ, ಅದು ಅವರ ತಪ್ಪಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಾಪಸ್ ಅಂದ್ರೆ ಯಾವಾಗ, ತಡೆಗೋಡೆ ಕಟ್ಟೋ ಮೊದಲಾ ಆಮೇಲಾ, ಬಸ್ಸು ಬರುತ್ತಾ, ಮತ್ತೆ ನೀರು ನುಗ್ಗಿದ್ರೆ ಯಾರು ಹೊಣೆ, ಹೋಗದೇ ಇದ್ದವರಿಗೆ ಏನು ಸಿಗುತ್ತೆ, ಇದ್ಯಾವುದನ್ನೂ ನಾವು ಹೇಳಿರ್ಲಿಲ್ಲ, ಹೇಳೋಕೆ ನಮಗೇ ಗೊತ್ತಿರ್ಲಿಲ್ಲ. ಬೇರೆ ದಾರಿನೇ ತೋರಿಸದೆ ಇಷ್ಟ ಇದೆಯಾ ಅಂದ್ರೆ ಏನು ಉತ್ತರ ಬರುತ್ತೆ?

ನಿಜ ಏನಿತ್ತೋ ಅದು ಅದೇ ಫಾರ್ಮಲ್ಲಿ ಬೇರೆ ಕಡೆ ಇತ್ತು, ಅದೇ ಇವತ್ತಿಗೂ ಸಂಕಟ. ಒಂದು ಶೆಡ್‌ನಲ್ಲಿ ಗಂಡ 'ಹೋಗ್ತೀವಿ ಸರ್' ಅಂತಿದ್ರೆ ಹೆಂಡತಿ ಪಕ್ಕದಲ್ಲಿ ಕೂತು ಹೊಲಿಗೆ ಮಷೀನಿಗೆ ಎಣ್ಣೆ ಬಿಡ್ತಿದ್ರು. ಶಿಬಿರಕ್ಕೆ ಬಂದ್ಮೇಲೆ ಸಾಲದಲ್ಲಿ ತಗೊಂಡ ಮಷೀನು, ಗಿರಾಕಿಗಳೆಲ್ಲ ಪೇಟೆಯವರು, ಮಗಳನ್ನ ಇಲ್ಲಿನ ಹೈಸ್ಕೂಲಿಗೆ ಸೇರಿಸಿ ಆಗಿತ್ತು. ಸಾಲದ ಕಾಲಮ್ಮಲ್ಲೂ ಶಾಲೆ ಕಾಲಮ್ಮಲ್ಲೂ ಇದೆಲ್ಲ ಬರ್ಕೊಂಡಿದ್ವಿ, ಆದ್ರೆ ಕೊನೇ ಹೌದು ಜೊತೆ ಇಟ್ಟು ಯಾರೂ ನೋಡ್ಲಿಲ್ಲ, ಆಕೆಯನ್ನಂತೂ ಕೇಳ್ಲೇ ಇಲ್ಲ. ಜಾಗದ ಕಾಗದ ಇದೆಯಾ ಅಂದಾಗ ಆಕೆ ಎದ್ದು ಹೋಗಿ ಪ್ಲಾಸ್ಟಿಕ್ ಕವರಿಂದ ಹಳೇ ಮನೆಯ ಕರೆಂಟ್ ಬಿಲ್ ತಂದು ಕೊಟ್ರು. ಫಾರ್ಮಲ್ಲಿ ಕರೆಂಟ್ ಬಿಲ್ಲಿಗೆ ಜಾಗ ಇರ್ಲಿಲ್ಲ, 'ಇಲ್ಲ' ಅಂತ ಒತ್ತಿ ಮುಂದೆ ಹೋದ್ವಿ. ಮನೆ ಪಟ್ಟಿಯಲ್ಲಿ ಅವರ ಹೆಸರೇ ಬರ್ಲಿಲ್ಲ.

ಹಾಗಾಗಿ ಸರ್ವೆ ಮಾಡಿ ಯಾರಿಗೆ ಎಲ್ಲಿ ಮನೆ ಅಂತ ನೀವು ತೀರ್ಮಾನಿಸ್ತೀರಿ ಅನ್ನೋದನ್ನೇ ನಾನು ಒಪ್ಪಲ್ಲ. ಆಂತರಿಕ ಸ್ಥಳಾಂತರದ ಬಗ್ಗೆ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳಲ್ಲಿ 28ನೇದನ್ನ ಓದಿ. ಸ್ವಂತ ಇಚ್ಛೆಯಿಂದ, ಸುರಕ್ಷಿತವಾಗಿ, ಘನತೆಯಿಂದ ವಾಪಸ್ ಹೋಗೋಕೋ ದೇಶದ ಬೇರೆ ಭಾಗದಲ್ಲಿ ನೆಲೆಸೋಕೋ ಅನುಕೂಲ ಮಾಡ್ಕೊಡೋದು ಆಡಳಿತದ ಕರ್ತವ್ಯ, ಅದರ ಯೋಜನೆಯಲ್ಲಿ ಆ ಜನರೇ ಪೂರ್ತಿ ಭಾಗವಹಿಸೋ ಹಾಗೆ ನೋಡ್ಕೋಬೇಕು ಅಂತ ಇದೆ. ಶಾಶ್ವತ ಪರಿಹಾರದ ಬಗ್ಗೆ 2010ರಲ್ಲಿ ಬಂದ ಅಂತರಸಂಸ್ಥಾ ಸ್ಥಾಯಿ ಸಮಿತಿಯ (ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಬೇರೆ ನೆರವು ಸಂಸ್ಥೆಗಳೂ ಸೇರಿರೋ ವೇದಿಕೆ) ಚೌಕಟ್ಟು ವಾಪಸಾತಿ, ಈಗಿರೋ ಕಡೆನೇ ನೆಲೆ, ಮೂರನೇ ಕಡೆ ನೆಲೆ ಅಂತ ಮೂರು ದಾರಿ ಹೇಳುತ್ತೆ. ಸ್ಥಳಾಂತರದಿಂದಾಗಿ ಬಂದ ವಿಶೇಷ ಅಗತ್ಯ, ತಾರತಮ್ಯ ಯಾವುದೂ ಉಳಿಯದಾಗ ಮಾತ್ರ ಪರಿಹಾರ ಸಿಕ್ತು ಅಂತ ಲೆಕ್ಕ. ಅಳೆಯೋಕೆ ಎಂಟು ಮಾನದಂಡ ಇವೆ, ಮನೆ ಜಮೀನಿನ ಜೊತೆ ಸುರಕ್ಷತೆ, ಜೀವನೋಪಾಯ, ದಾಖಲೆಪತ್ರ, ಕುಟುಂಬ ಒಂದಾಗೋದು ಇವೂ ಅದರಲ್ಲಿವೆ. ನಾವು ಗೋಡೆ ಚಾವಣಿ ಬಿಟ್ಟು ಬೇರೇನೂ ಯೋಚಿಸಿರ್ಲಿಲ್ಲ.

ನಿಮ್ಮ ಸ್ಯಾಂಪಲ್ ಪ್ರಶ್ನೆಗೆ ಬರ್ತೀನಿ. ಶಿಬಿರದೊಳಗೆ ಮಾತ್ರ ಮಾಡಿದ್ರೆ ಎಷ್ಟು ಮನೆ ತಗೊಂಡ್ರೂ ಪೂರ್ತಿ ಚಿತ್ರ ಸಿಗಲ್ಲ. ನಾರ್ವೇಜಿಯನ್ ನಿರಾಶ್ರಿತ ಮಂಡಳಿಯ ಆಂತರಿಕ ಸ್ಥಳಾಂತರ ನಿಗಾ ಕೇಂದ್ರದ ಲೆಕ್ಕದಲ್ಲಿ 2024ರ ಕೊನೆಗೆ ಜಗತ್ತಿನಲ್ಲಿ 8.34 ಕೋಟಿ ಜನ ತಮ್ಮ ದೇಶದೊಳಗೇ ನೆಲೆ ಕಳ್ಕೊಂಡಿದ್ರು, ಇಂಥವರಲ್ಲಿ ಬಹುಪಾಲು ಇರೋದು ಶಿಬಿರದ ಹೊರಗೆ, ನೆಂಟರ ಮನೇಲಿ, ಬಾಡಿಗೆ ಕೋಣೇಲಿ. ಅವರನ್ನ ಹುಡುಕಿ ಸೇರಿಸಿ. ಸ್ಥಳಾಂತರ ಆಗದ ಅಕ್ಕಪಕ್ಕದ ಮನೆಗಳನ್ನೂ ಅದೇ ಫಾರ್ಮಲ್ಲಿ ಕೇಳಿ, ಇಲ್ಲಾಂದ್ರೆ ನಿಮಗೆ ಕಾಣಿಸೋ ಕಷ್ಟ ಸ್ಥಳಾಂತರದ್ದಾ ಅಥವಾ ಆ ಜಾಗದ ಬಡತನದ್ದಾ ಅಂತ ಗೊತ್ತಾಗಲ್ಲ. ಸ್ಥಳಾಂತರಗೊಂಡವರ ಅಂಕಿಅಂಶ ಹೇಗೆ ಸಂಗ್ರಹಿಸ್ಬೇಕು ಅಂತ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2020ರಲ್ಲಿ ಒಪ್ಪಿದ ಶಿಫಾರಸುಗಳಲ್ಲೂ ಈ ಹೋಲಿಕೆಗೆ ಜಾಗ ಇದೆ. ಶಿಬಿರ, ಹೊರಗಿನವರು, ನೆರೆಯವರು, ಪ್ರತಿ ಗುಂಪಿಗೂ ಸ್ಯಾಂಪಲ್ ಸಂಖ್ಯೆ ಬೇರೆಬೇರೆಯಾಗಿ ಲೆಕ್ಕ ಹಾಕಿ.

ಹೌದು/ಇಲ್ಲ ಪ್ರಶ್ನೆ ಕಿತ್ತುಹಾಕಿ. ಇಲ್ಲಿಗೆ ಬಂದ್ಮೇಲೆ ಏನೇನು ಮಾಡಿದಿರಿ, ಸಾಲ ಯಾವುದಕ್ಕೆ, ಹೋದ ತಿಂಗಳು ಹಳೇ ಊರಿಗೆ ಯಾರು ಹೋಗಿದ್ರು ಯಾಕೆ ಹೋಗಿದ್ರು ಅಂತ ಕೇಳಿ. ಗಂಡ ಹೊಲಕ್ಕೆ ಹೋಗಿಬಂದು, ಹೆಂಡತಿ ಮಕ್ಕಳು ಪೇಟೇಲೇ ಇರೋದು ಒಂದು ಉತ್ತರವೇ, ಅದಕ್ಕೂ ಜಾಗ ಇಡಿ. ಹಳೇ ಮನೇಲಿ ಬಾಡಿಗೆಗಿದ್ದವರನ್ನ ಬೇರೆ ಗುರುತು ಮಾಡ್ಕೊಳ್ಳಿ. ಹೆಂಗಸರನ್ನ ಹೆಂಗಸರೇ, ಪ್ರತ್ಯೇಕವಾಗಿ ಕೇಳ್ಬೇಕು. ಯಾವ ದಾರೀಲಿ ಯಾರಿಗೆ ಏನು ಸಿಗುತ್ತೆ ಅಂತ ಆಡಳಿತದಿಂದ ಲಿಖಿತವಾಗಿ ತಗೊಂಡು, ಅದನ್ನ ಜನರಿಗೆ ಓದಿ ಹೇಳಿದ್ಮೇಲೇ ಇಷ್ಟದ ಮಾತು.

ಇದೆಲ್ಲ ಎರಡು ವಾರದಲ್ಲಿ ಆಗಲ್ಲ. ಎರಡು ವಾರದಲ್ಲಿ ತಲೆ ಎಣಿಸಬಹುದು, ಅಷ್ಟನ್ನೇ ಕೊಡ್ತೀನಿ ಅಂತ ವರದಿ ಕೇಳಿದವರಿಗೆ ಇವತ್ತೇ ಹೇಳಿಬಿಡಿ. ಫಾರ್ಮ್ ಡ್ರಾಫ್ಟ್ ಆದ್ರೆ ಕಳ್ಸಿ, ಕಾಗದಪತ್ರದ ಭಾಗ ಮೊದಲು ನೋಡ್ತೀನಿ.